ಅಣ್ಣನ ಹೊಟ್ಟೆಗೆ ಒಂದು ಹನಿ

ಐಸಿಯು ಬಾಗಿಲಿನ ಹೊರಗೆ, ಚಪ್ಪಲಿ ಬಿಡುವ ಜಾಗದ ಪಕ್ಕ, ಒಂದು ಬೆಂಚಿತ್ತು. ಅದರ ಒಂದು ಕಾಲು ಗಿಡ್ಡ. ಕೂತವರಲ್ಲಿ ಯಾರಾದರೂ ಎದ್ದರೆ ಉಳಿದವರು ಒಮ್ಮೆ ವಾಲಿ ಸರಿಯಾಗಬೇಕಿತ್ತು. ಅತ್ತಿಗೆ ಯಾವಾಗಲೂ ಆ ಗಿಡ್ಡ ಕಾಲಿನ ಕಡೆಯೇ ಕೂರುತ್ತಿದ್ದರು. ಜಾಗ ಬದಲಾಯಿಸೋಣವೇ ಅಂತ ಕೇಳಿದೆ.

"ಬೇಡ. ಈ ಕಡೆ ಕೂತ್ರೆ ತೂಕಡಿಕೆ ಬಂದ ತಕ್ಷಣ ಬೆಂಚೇ ಎಬ್ಬಿಸುತ್ತೆ," ಅಂದರು.

ಎಚ್ಚರವಾಗಿರುವುದಕ್ಕೆ ಅವರಿಗೆ ಬೆಂಚಿನ ಸಹಾಯ ಬೇಕಿರಲಿಲ್ಲ. ಮುಖ ನೋಡಿದರೇ ತಿಳಿಯುತ್ತಿತ್ತು. ಆದರೆ ಆ ದಿನಗಳಲ್ಲಿ ನಾವಿಬ್ಬರೂ ಮಾತನ್ನು ಉಳಿತಾಯ ಮಾಡುತ್ತಿದ್ದೆವು.

ಒಳಗೆ ಮಲಗಿದ್ದವನು ನನ್ನ ಅಣ್ಣ, ಅತ್ತಿಗೆಯ ಗಂಡ. ಶಾಲೆಯಲ್ಲಿ ಡ್ರಿಲ್ ಮಾಸ್ತರು. ಮಕ್ಕಳು ಬೆನ್ನ ಹಿಂದೆ ಪೀಪಿ ಮಾಸ್ತರು ಅನ್ನುತ್ತಾರೆ. ಮೈದಾನದ ಆ ತುದಿಯಲ್ಲಿ ಅವನು ಸೀಟಿ ಊದಿದರೆ ಈ ತುದಿಯ ರಸ್ತೆಯಲ್ಲಿ ಸೈಕಲ್ ತುಳಿಯುವವರು ಕೂಡ ಬ್ರೇಕ್ ಹಿಡಿಯುತ್ತಿದ್ದರು. ಅಂಥ ಎದೆಗೆ ಈಗ ಒಂದು ಯಂತ್ರ ಗಾಳಿ ತುಂಬುತ್ತಿತ್ತು. ಬಾಗಿಲಿನ ಗಾಜಿನಿಂದ ನೋಡಿದರೆ ಹೊದಿಕೆ ಏರುವುದು ಇಳಿಯುವುದು ಕಾಣುತ್ತಿತ್ತು. ತೀರಾ ಸಮವಾಗಿ, ಅಳತೆ ಮಾಡಿದ ಹಾಗೆ. ಮನುಷ್ಯರು ಹಾಗೆ ಉಸಿರಾಡುವುದಿಲ್ಲ.

ಶುರುವಾಗಿದ್ದು ಎದೆಯಿಂದಲ್ಲ, ಹೊಟ್ಟೆಯಿಂದ. ಪಿತ್ತಕೋಶದ ಒಂದು ಸಣ್ಣ ಕಲ್ಲು ಜಾರಿ ನಾಳದ ಬಾಯಿಗೆ ಸಿಕ್ಕಿಕೊಂಡಿತ್ತಂತೆ. ಅದರಿಂದ ಮೇದೋಜೀರಕ ಗ್ರಂಥಿ ಊದಿಕೊಂಡು, ಊಟ ಕರಗಿಸಬೇಕಾದ ರಸ ಆ ಗ್ರಂಥಿಯನ್ನೇ ಕರಗಿಸತೊಡಗಿತ್ತು. ಮೊದಲು ಅಣ್ಣನನ್ನು ಸಾಮಾನ್ಯ ವಾರ್ಡಿನಲ್ಲಿ ಇಟ್ಟಿದ್ದರು. ಅಲ್ಲಿ ಅವನು ಮೊಣಕಾಲನ್ನು ಎದೆಗೆ ಒತ್ತಿಕೊಂಡು, ಹಲ್ಲು ಕಚ್ಚಿಕೊಂಡು ಒದ್ದಾಡಿದನಂತೆ. ಆಮೇಲೆ ಉಸಿರು ಸಾಲದಾಯಿತು. ಇಲ್ಲಿಗೆ ತಂದು, ನಿದ್ದೆಯ ಔಷಧ ಕೊಟ್ಟು, ಯಂತ್ರಕ್ಕೆ ಜೋಡಿಸಿದರು.

ಡಾಕ್ಟರು ನನಗಿಂತ ಚಿಕ್ಕವರು. ಕಣ್ಣಿನ ಕೆಳಗಿನ ಕಪ್ಪು ಮಾತ್ರ ದೊಡ್ಡವರದು. ನಮ್ಮನ್ನು ಬಾಗಿಲಿನ ಹತ್ತಿರ ಕರೆದು ಗೋಡೆಗೆ ಒರಗಿಯೇ ಮಾತಾಡಿದರು.

"ಹೊಟ್ಟೆ ಇನ್ನೂ ಹಾಗೇ ಇದೆ. ಈಗ ನಮಗೆ ಹೆಚ್ಚಿನ ಚಿಂತೆ ಶ್ವಾಸಕೋಶದ್ದು. ಎರಡೂ ಕಡೆ ನೀರು ಜಿನುಗಿ ತುಂಬಿಕೊಳ್ತಿದೆ. ನಿನ್ನೆಗಿಂತ ಇವತ್ತು ಆಮ್ಲಜನಕ ಜಾಸ್ತಿ ಮಾಡಬೇಕಾಯ್ತು."

"ಹೊಟ್ಟೆ ರೋಗ ಎದೆಗೆ ಹೇಗೆ ಹತ್ತಿತು?" ಅತ್ತಿಗೆ ಕೇಳಿದರು.

"ಕರುಳಿನ ದಾರಿಯಲ್ಲಿ, ಅಮ್ಮ. ರೋಗದ ಜೊತೆ ಹೊಡೆದಾಡೋ ಕಣಗಳಿರುತ್ತಲ್ಲ, ಕಾವಲಿನವರು ಅಂದ್ಕೊಳ್ಳಿ. ಅವರಲ್ಲಿ ಬಹಳ ಜನ ಬೀಡು ಬಿಟ್ಟಿರೋದು ಕರುಳಿನ ಗೋಡೆಯಲ್ಲೇ. ಯಾಕಂದ್ರೆ ಗೋಡೆಯ ಆ ಕಡೆ ಲೆಕ್ಕವಿಲ್ಲದಷ್ಟು ಕ್ರಿಮಿ. ಕರುಳಿಗೆ ಆಹಾರ ಬರದೆ ಇದ್ದರೆ, ರಕ್ತವೂ ಕಮ್ಮಿಯಾದರೆ, ಆ ಗೋಡೆಯ ಒಳಪದರ ಸವೆಯುತ್ತೆ. ಕ್ರಿಮಿಗಳ ವಿಷ ಈ ಕಡೆ ಜಿನುಗುತ್ತೆ. ಕಾವಲಿನವರು ರೇಗ್ತಾರೆ. ರೇಗಿದವರು ಅಲ್ಲೇ ಇರಲ್ಲ. ಕರುಳಿಂದ ಹೊರಟ ಒಂದು ಸಪೂರ ನಾಳ ಹೃದಯದ ಹತ್ತಿರ ಹೋಗಿ ರಕ್ತಕ್ಕೆ ಸೇರುತ್ತೆ. ಹೃದಯ ಆ ರಕ್ತವನ್ನ ಮೊದಲು ಕಳಿಸೋದು ಶ್ವಾಸಕೋಶಕ್ಕೆ. ರೇಗಿದವರು ಅಲ್ಲಿಗೆ ನುಗ್ಗಿ, ಏನೂ ತಪ್ಪು ಮಾಡದ ಶ್ವಾಸಕೋಶವನ್ನ ಹಾಳು ಮಾಡ್ತಾರೆ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ," ಅಂದರು ಅತ್ತಿಗೆ. ನಗಲಿಲ್ಲ.

"ಅದೇ." ಡಾಕ್ಟರೂ ನಗಲಿಲ್ಲ. "ಅದಕ್ಕೇ ಕರುಳನ್ನ ಹಸಿವಲ್ಲಿ ಬಿಡೋ ಹಾಗಿಲ್ಲ. ಮೂಗಿನಿಂದ ಸಣ್ಣ ಕೊಳವೆ ಹಾಕಿ, ಜಠರ ದಾಟಿಸಿ, ಕರುಳಿಗೇ ಹನಿ ಹನಿಯಾಗಿ ಆಹಾರ ಕೊಡ್ತೀವಿ. ಅಷ್ಟು ಕೆಳಗೆ ಕೊಟ್ಟರೆ ಆ ಗ್ರಂಥಿಗೆ ಹೆಚ್ಚು ಕೆಲಸ ಬೀಳಲ್ಲ."

"ಹೊಟ್ಟೆಗೆ ಏನೂ ಬೇಡ," ಅಂದರು ಅತ್ತಿಗೆ. ಧ್ವನಿ ಎಷ್ಟು ಸಣ್ಣದಿತ್ತೆಂದರೆ ಡಾಕ್ಟರು ನನ್ನ ಮುಖ ನೋಡಿದರು.

"ಕೊಟ್ರೆ ಅಣ್ಣನ ಎದೆ ಸರಿಹೋಗುತ್ತಾ?" ನಾನು ಕೇಳಿದೆ.

"ಹೋಗುತ್ತೆ ಅಂತ ಮಾತು ಕೊಡಲಾರೆ. ಕೊಡದಿದ್ರೆ ಇನ್ನೂ ಕೆಡಬಹುದು ಅನ್ನೋ ಭಯ ಇದೆ. ಇದಕ್ಕಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ."

ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು. ಕೊನೆಗೆ, "ನೀವು ಓದಿದವರು. ನಿಮಗೆ ತೋಚಿದ ಹಾಗೆ ಮಾಡಿ," ಅಂದರು. ನಾನು ಅದನ್ನು ಒಪ್ಪಿಗೆ ಅಂದುಕೊಂಡೆ. ಡಾಕ್ಟರೂ ಹಾಗೇ ಅಂದುಕೊಂಡರು.

ಡಾಕ್ಟರ ಮಾತು ನನ್ನ ತಲೆಗೆ ಬೇಗ ಹತ್ತಿದ್ದಕ್ಕೆ ನನ್ನ ಕೆಲಸ ಕಾರಣ. ನಾನು ಕುಡಿಯುವ ನೀರು ಸೋಸುವ ಘಟಕದಲ್ಲಿ ಇದ್ದೇನೆ. ನಮ್ಮದು ಹಳೇ ಕಾಲದ ಮರಳಿನ ತೊಟ್ಟಿಗಳು. ನೀರು ಮರಳಿನ ಮೂಲಕ ನಿಧಾನವಾಗಿ ಇಳಿಯುತ್ತದೆ. ಮರಳೇ ನೀರನ್ನು ಶುದ್ಧ ಮಾಡುತ್ತದೆ ಅಂತ ನೋಡಲು ಬಂದವರೆಲ್ಲ ತಿಳಿಯುತ್ತಾರೆ. ಹೆಚ್ಚಿನ ಕೆಲಸ ಮಾಡುವುದು ಮರಳಿನ ಮೇಲೆ ಕಟ್ಟುವ ಒಂದು ತೆಳ್ಳನೆಯ ಲೋಳೆ ಪದರ. ನಾವು ಅದನ್ನು ಕೆನೆ ಅನ್ನುತ್ತೇವೆ. ಅದು ಜೀವ ಇರುವ ಪದರ. ಕೊಳಕು ನೀರಿನಲ್ಲಿ ಬರುವುದನ್ನು ತಿಂದೇ ಅದು ಬದುಕುತ್ತದೆ. ನೀರು ನಿಲ್ಲಿಸಿಬಿಟ್ಟರೆ ಕೆನೆ ಉಸಿರು ಕಟ್ಟಿ ಸಾಯುತ್ತದೆ. ಆಮೇಲೆ ನೀರು ಬಿಟ್ಟರೆ ಕೊಳಕು ಹಾಗೇ ಕೆಳಗಿಳಿಯುತ್ತದೆ, ಸತ್ತ ಕೆನೆಯ ಕೊಳೆಯನ್ನೂ ಕರೆದುಕೊಂಡು. ಅದಕ್ಕೆ ಎಂಥ ರಿಪೇರಿ ಇದ್ದರೂ ಒಂದು ಸಣ್ಣ ಹರಿವನ್ನು ಬಿಟ್ಟೇ ಇರುತ್ತೇವೆ. ನಮ್ಮ ಮೇಸ್ತ್ರಿ ಹೊಸಬರಿಗೆ ಹೇಳುವ ಮೊದಲ ಮಾತೇ ಅದು: "ತೊಟ್ಟಿಗೆ ರಜೆ ಕೊಟ್ರೆ ಊರಿಗೆಲ್ಲ ಭೇದಿ."

ಸಂಜೆ ತರಗತಿಗೆ ಹೋಗಿ ಆ ಪದರದ ಶಾಸ್ತ್ರೀಯ ಹೆಸರನ್ನೂ ಕಲಿತಿದ್ದೆ. ಪರೀಕ್ಷೆಯಲ್ಲಿ ಸರಿಯಾಗಿ ಬರೆದೆನೋ ಇಲ್ಲವೋ ಅಂತ ಈಗಲೂ ಅನುಮಾನ. ನನ್ನ ಸ್ವಭಾವವೇ ಅದು. ಗೇಟ್ ವಾಲ್ವ್ ತಿರುಗಿಸಿ ಬಂದವಳು ಮತ್ತೆ ಹೋಗಿ ಮುಟ್ಟಿ ನೋಡುತ್ತೇನೆ. ಹಾಗಾಗಿ ಡಾಕ್ಟರು ಹೇಳಿದ್ದು ನಮ್ಮ ಕೆನೆಯ ಹಾಗೇ ಅಂತ ಅನ್ನಿಸಿದರೂ, ತೊಟ್ಟಿ ಬೇರೆ ಮನುಷ್ಯ ಬೇರೆ, ಹೆಚ್ಚು ಬುದ್ಧಿ ಉಪಯೋಗಿಸಬೇಡ ಅಂತ ನನಗೆ ನಾನೇ ಹೇಳಿಕೊಂಡೆ.

ಕೊಳವೆ ಹಾಕಿದರು. ಹಾಸಿಗೆಯ ಪಕ್ಕದ ಕಂಬಿಗೆ ಹಾಲಿನ ಬಣ್ಣದ ಆಹಾರದ ಚೀಲ ತೂಗಿತು. ಹನಿ ಬೀಳುವ ಸಣ್ಣ ಗಾಜಿನಂಥ ಡಬ್ಬಿ, ಅದರ ಕೆಳಗೆ ಹರಿವು ಹೆಚ್ಚು ಕಡಿಮೆ ಮಾಡುವ ಪುಟ್ಟ ಬಿಳಿ ಚಕ್ರ. ಹೆಬ್ಬೆರಳಿನಿಂದ ಉರುಳಿಸುವಂಥದ್ದು. ಹನಿಯನ್ನು ತಾನೇ ನೋಡಿಕೊಳ್ಳುವ ಯಂತ್ರಗಳೆಲ್ಲ ಔಷಧಗಳಿಗೆ ಬೇಕಾಗಿದ್ದವು. ಇದು ಮಾತ್ರ ಕೈಯಾರೆ.

ಅವತ್ತು ಸಂಜೆ ಕ್ಯಾಂಟೀನಿನಲ್ಲಿ ಅತ್ತಿಗೆ ಚಹಾ ಲೋಟವನ್ನು ತಿರುಗಿಸುತ್ತಾ ಕೂತಿದ್ದರು.

"ನಿಮ್ಮಣ್ಣ ಎದ್ದ ಮೇಲೆ ನನ್ನ ಜೊತೆ ಮಾತಾಡಲ್ಲ," ಅಂದರು.

"ಯಾಕೆ?"

"ವಾರ್ಡಲ್ಲಿ ಇದ್ದಾಗ ಕೈ ಹಿಡ್ಕೊಂಡು ಆಣೆ ಹಾಕಿಸ್ಕೊಂಡ್ರು. ಯಾರು ಏನೇ ಹೇಳಲಿ, ನನ್ನ ಹೊಟ್ಟೆಗೆ ಒಂದು ಹನಿ ಹಾಕೋಕೆ ಬಿಡಬೇಡ ಅಂತ. ಸರಿ ಅಂದೆ."

ನಾನು ನಕ್ಕುಬಿಟ್ಟೆ. ಅಣ್ಣನ ಮಾತು ಬಿಡುವ ಚಾಳಿ ನಮ್ಮ ಮನೆಯ ಹಳೇ ನಗೆಪಾಟಲು. ಚಿಕ್ಕ ಮಕ್ಕಳು ಟೂ ಬಿಡುತ್ತವಲ್ಲ, ಅವನು ಇಷ್ಟು ದೊಡ್ಡವನಾದರೂ ಅದನ್ನು ಬಿಟ್ಟಿರಲಿಲ್ಲ. ಏಣಿ ತೆಗೆದುಕೊಂಡು ಹೋಗಿ ಒಂದು ಮೆಟ್ಟಿಲು ಮುರಿದು ವಾಪಸ್ ಕೊಟ್ಟ ಪಕ್ಕದ ಮನೆಯವರ ಜೊತೆ ಅವರು ಮನೆ ಬಿಟ್ಟು ಹೋಗುವವರೆಗೂ ಮಾತಾಡಲಿಲ್ಲ. ನಾನು ಅವನಿಗೆ ಹೇಳದೆ ಸಂಜೆ ತರಗತಿಗೆ ಸೇರಿದೆ ಅಂತ ನನಗೂ ಟೂ. ಹೆಂಡತಿಯ ಮೇಲೆ ಸಿಟ್ಟು ಬಂದರೆ ಗೋಡೆಗೆ ಹೇಳುತ್ತಿದ್ದ: "ಈ ಮನೇಲಿ ಯಾರಿಗಾದ್ರೂ ನನ್ನ ಬನಿಯನ್ ಎಲ್ಲಿದೆ ಅಂತ ಗೊತ್ತಿದ್ರೆ ಹೇಳಬಹುದು." ಅತ್ತಿಗೆಯೂ ಗೋಡೆಗೇ ಉತ್ತರ ಕೊಡುತ್ತಿದ್ದರು: "ಯಾರೋ ಹಾಕ್ಕೊಂಡೇ ಇದ್ದಾರೆ ಅಂತ ಹೇಳು."

"ಮಾತು ಬಿಟ್ರೆ ಬಿಡಲಿ, ಗೋಡೆ ಇದೆಯಲ್ಲ," ಅಂದೆ.

ಅತ್ತಿಗೆ ನಗಲಿಲ್ಲ. ಚಹಾ ಹಾಗೇ ಬಿಟ್ಟು ಎದ್ದರು.

ಆಮೇಲೆ ಒಂದು ವಿಚಿತ್ರ ಶುರುವಾಯಿತು. ಚೀಲ ಖಾಲಿಯಾಗುತ್ತಿರಲಿಲ್ಲ. ಇಷ್ಟು ಹೊತ್ತಿಗೆ ಇಷ್ಟು ಇಳಿಯಬೇಕು ಅಂತ ಲೆಕ್ಕ ಇಟ್ಟಿದ್ದರೆ ಅದರಲ್ಲಿ ಅರ್ಧವೂ ಇಳಿದಿರುತ್ತಿರಲಿಲ್ಲ. ಹಗಲಿನ ಸಿಸ್ಟರ್ ರಾತ್ರಿಯವರನ್ನು ಅಂದರು, ರಾತ್ರಿಯವರು ಹಗಲಿನವರನ್ನು. ರೋಗಿಯನ್ನು ಮಗ್ಗಲು ತಿರುಗಿಸುವಾಗ ಆಹಾರ ಮೇಲೆ ಬಂದು ಉಸಿರಿಗೆ ಸೇರಬಾರದೆಂದು ಚಕ್ರ ಮುಚ್ಚುತ್ತಾರೆ. ತಿರುಗಿಸಿದ ಮೇಲೆ ತೆರೆಯಬೇಕು. ಅದು ಅವರ ಕ್ರಮ.

"ಮುಚ್ಚೋದು ಎಲ್ಲರಿಗೂ ನೆನಪಿರುತ್ತೆ, ತೆರೆಯೋದು ಯಾರಿಗೂ ನೆನಪಿರಲ್ಲ," ಅಂತ ಹಗಲಿನ ಸಿಸ್ಟರ್ ಗೊಣಗುವುದು ಬಾಗಿಲಿನವರೆಗೆ ಕೇಳಿಸಿತು. ಗಟ್ಟಿ ಧ್ವನಿಯ, ಸುಸ್ತಾದ ಹೆಂಗಸು. "ನಾನಂತೂ ತೆರೆದಿದ್ದೆ. ನನ್ನ ಕೈಯಾರೆ ತೆರೆದಿದ್ದೆ. ಈಗ ಹುಚ್ಚು ಹಿಡಿದಿದೆ ಅಂತ ಅನ್ನಿಸ್ತಿದೆ ನನಗೆ."

ಅಣ್ಣನ ಆಮ್ಲಜನಕವನ್ನು ಮತ್ತೆ ಹೆಚ್ಚಿಸಿದರು. ಡಾಕ್ಟರು ಬಂದು ಹೇಳಿದರು: "ಕೊಳವೆಯ ತುದಿ ಜರುಗಿದೆಯೋ ಏನೋ ಗೊತ್ತಾಗ್ತಿಲ್ಲ. ಇವತ್ತೂ ಹೀಗೇ ಆದರೆ ನಾಳೆ ಕೆಳಗೆ ಎಕ್ಸ್‌ರೇ ಕೋಣೆಗೆ ಕರ್ಕೊಂಡು ಹೋಗಿ ನೋಡಿ ಹೊಸದು ಹಾಕಬೇಕು. ಈ ಸ್ಥಿತಿಯಲ್ಲಿ ಹಾಸಿಗೆಯಿಂದ ಅಲುಗಿಸೋದೇ ಅಪಾಯ. ಆದರೆ ಕರುಳಿಗೆ ಹೋಗದೆ ಇರೋದು ಅದಕ್ಕಿಂತ ಅಪಾಯ."

ಅತ್ತಿಗೆ ನೆಲ ನೋಡುತ್ತಿದ್ದರು.

ಒಳಗೆ ಹೋಗಲು ಒಬ್ಬರಿಗೆ ಮಾತ್ರ ಅವಕಾಶ. ಬೆಳಿಗ್ಗೆ, ಸಂಜೆ. ಅತ್ತಿಗೆಯೇ ಹೋಗುತ್ತಿದ್ದರು, ನಾನು ಗಾಜಿನಿಂದ ನೋಡುತ್ತಿದ್ದೆ. ಅವತ್ತು ಮಧ್ಯಾಹ್ನ ಕೆಲಸದಿಂದ ಬೇಗ ಬಿಟ್ಟು ಬಂದಿದ್ದೆ. ಮೈಯೆಲ್ಲ ಭಾರ. ಸಂಜೆ ಅತ್ತಿಗೆ ಒಳಗೆ ಹೋದಾಗ ಗಾಜಿಗೆ ಹಣೆ ಒತ್ತಿ ನಿಂತೆ. ಅತ್ತಿಗೆ ಅಣ್ಣನ ಕಾಲು ಒತ್ತಿದರು, ಹೊದಿಕೆ ಸರಿ ಮಾಡಿದರು, ಹಣೆ ಮುಟ್ಟಿದರು. ಆಮೇಲೆ ಕಂಬಿಯ ಪಕ್ಕ ನಿಂತರು, ನನಗೆ ಬೆನ್ನು ಮಾಡಿ. ಬಲಗೈ ಮೇಲೆ ಹೋಗಿ ಕೆಳಗೆ ಬಂತು. ಅಷ್ಟೇ.

ಬೇರೆ ಯಾರಾದರೂ ಆಗಿದ್ದರೆ ಏನೂ ಕಾಣುತ್ತಿರಲಿಲ್ಲ. ನನಗೂ ಕೈ ಸರಿಯಾಗಿ ಕಾಣಲಿಲ್ಲ. ಕಂಡಿದ್ದು ಹನಿ. ದಿನವೆಲ್ಲ ನೀರಿನ ಹರಿವು ನೋಡುತ್ತಾ ನಿಲ್ಲುವವಳಿಗೆ ಹರಿವು ನಿಂತರೆ ಕಣ್ಣಿಗೆ ಚುಚ್ಚುತ್ತದೆ. ಅತ್ತಿಗೆ ಪಕ್ಕಕ್ಕೆ ಸರಿದಾಗ ಆ ಸಣ್ಣ ಡಬ್ಬಿಯಲ್ಲಿ ಹನಿ ಬೀಳುತ್ತಿರಲಿಲ್ಲ.

ನನಗೆ ಮೊದಲು ಬಂದಿದ್ದು ಸಿಟ್ಟಲ್ಲ, ಅನುಮಾನ. ನಾನು ತಪ್ಪು ನೋಡಿದೆನೇ? ಮೊದಲೇ ನಿಂತಿತ್ತೇ? ಇಂಥ ಮಾತನ್ನು ಬಾಯಿಬಿಟ್ಟು ಆಡಿದ ಮೇಲೆ ತಪ್ಪಾಗಿದ್ದರೆ, ಈ ಜನ್ಮದಲ್ಲಿ ಅತ್ತಿಗೆಯ ಮುಖ ನೋಡಲು ಆಗುತ್ತದೆಯೇ? ಸಿಸ್ಟರಿಗೆ ಹೇಳಿದರೆ ಅತ್ತಿಗೆಯನ್ನು ಒಳಗೇ ಬಿಡುವುದಿಲ್ಲ. ಹೇಳದಿದ್ದರೆ ನಾಳೆ ಅಣ್ಣನನ್ನು ಕೆಳಗೆ ಒಯ್ಯುತ್ತಾರೆ. ಯೋಚಿಸುವಷ್ಟು ಹೊತ್ತೂ ಆ ಹನಿ ನಿಂತೇ ಇತ್ತು.

ಅತ್ತಿಗೆ ಹೊರಗೆ ಬಂದು ಗಿಡ್ಡ ಕಾಲಿನ ಕಡೆ ಕೂತರು. ನಾನು ಪಕ್ಕದಲ್ಲಿ ಕೂತೆ. ಬೆಂಚು ವಾಲಿತು.

"ಅತ್ತಿಗೆ, ಆ ಚಕ್ರ ಮುಚ್ಚಿದ್ದು ನೀವಾ?"

ಅವರು ತಕ್ಷಣ ಇಲ್ಲ ಅನ್ನುತ್ತಾರೆ ಅಂದುಕೊಂಡಿದ್ದೆ. ಅನ್ನಲಿ ಅಂತಲೂ ಆಸೆ ಇತ್ತು.

"ನೋಡಿದೆಯಾ," ಅಂದರು.

"ದಿನಾ ನೀವೇನಾ?"

"ಹೋದಾಗಲೆಲ್ಲ."

"ಡಾಕ್ಟರು ಹೇಳಿದ್ದು ಕೇಳಿಸ್ಕೊಂಡ್ರಲ್ಲ ನೀವು. ಎದೆ ಕೆಡ್ತಿರೋದು ಅದಕ್ಕೇ ಇರಬಹುದು ಅಂದ್ರಲ್ಲ."

"ಕೇಳಿಸ್ಕೊಂಡೆ. ತಲೆಗೂ ಹೋಯ್ತು. ಕೈ ಕೇಳಲ್ಲ."

ನನಗೆ ಗೊತ್ತಿದ್ದ ಒಂದೇ ದಾರಿಯಲ್ಲಿ ಹೇಳಲು ಹೋದೆ. ತೊಟ್ಟಿ, ಮರಳು, ಕೆನೆ. ನೀರು ನಿಂತರೆ ಕೆನೆ ಸಾಯುವುದು, ಆಮೇಲೆ ಕೊಳಕು ಇಳಿಯುವುದು. ನಾನು ಅವಸರದಲ್ಲಿ ಮಾತಾಡಿದರೆ ಮಾತು ಒಂದರ ಮೇಲೊಂದು ಬೀಳುತ್ತದೆ. ಅತ್ತಿಗೆ ಕೊನೆಯವರೆಗೂ ಕೇಳಿದರು.

"ನಿನ್ನ ತೊಟ್ಟಿಗೆ ನೋವಾಗುತ್ತಾ?" ಅಂದರು.

ನಾನು ಬಾಯಿ ತೆರೆಯುವ ಮೊದಲೇ ಅವರೇ ಮುಂದುವರಿಸಿದರು.

"ನಿನ್ನ ತೊಟ್ಟಿ ಮೊಣಕಾಲು ಮಡಚ್ಕೊಂಡು ಗೋಡೆಗೆ ತಲೆ ಚಚ್ಕೊಂಡಿದೆಯಾ? ನಾನು ಅದನ್ನ ನೋಡಿದೀನಿ. ನೀನು ನೋಡಿಲ್ಲ, ನೀನು ಕೆಲಸದಲ್ಲಿದ್ದೆ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಬಿಸ್ಕತ್ತು."

"ಏನು?"

"ವಾರ್ಡಲ್ಲಿ ಏನೂ ತಿನ್ನಿಸಬಾರದು ಅಂತ ಹೇಳಿದ್ರು. ಅವರು ಹಸಿವು ಹಸಿವು ಅಂದ್ರು. ನೋವು ಸ್ವಲ್ಪ ಕಮ್ಮಿ ಆಗಿತ್ತು, ಮುಖದಲ್ಲಿ ಕಳೆ ಬಂದಿತ್ತು. ಚಹಾದಲ್ಲಿ ಅದ್ದಿ ಒಂದು ಬಿಸ್ಕತ್ತು ಬಾಯಿಗಿಟ್ಟೆ. ಆಸೆಪಟ್ಟು ತಿಂದ್ರು. ಆಮೇಲೆ ಶುರುವಾಯ್ತು ನೋಡು. ಅವತ್ತೇ ಆಣೆ ಹಾಕಿಸ್ಕೊಂಡಿದ್ದು. ಅವತ್ತೇ ಉಸಿರು ಕೆಟ್ಟಿದ್ದು. ಅವತ್ತೇ ಇಲ್ಲಿಗೆ ತಂದಿದ್ದು." ಅವರು ತಮ್ಮ ಬಲಗೈ ನೋಡಿಕೊಂಡರು, ಬೇರೆ ಯಾರದೋ ಕೈ ಅನ್ನುವ ಹಾಗೆ. "ಈ ಕೈಯಿಂದಲೇ ಆಗಿದ್ದು. ಈಗ ಇವರು ಹೊಟ್ಟೆಗೆ ಕೊಡ್ತೀವಿ ಅಂತಾರೆ. ಆ ಹನಿ ಬೀಳೋದು ನೋಡಿದ್ರೆ ನನಗೆ ಬಿಸ್ಕತ್ತು ಕಾಣುತ್ತೆ. ಮಲಗಿರೋರಿಗೆ ನೋವಾದ್ರೆ ಹೇಳೋಕೂ ಬಾಯಿಲ್ಲ. ಬಾಯಲ್ಲಿ ಕೊಳವೆ."

ಎದುರಿಗೆ ಒಬ್ಬರು ನೆಲ ಒರೆಸುತ್ತಾ ಬಂದರು. ನಾವು ಕಾಲು ಎತ್ತಿ ಹಿಡಿದೆವು. ಅವರು ಒರೆಸಿ ಮುಂದೆ ಹೋದರು. ಒದ್ದೆ ನೆಲ ಒಣಗುವವರೆಗೂ ಇಬ್ಬರೂ ಕಾಲು ಕೆಳಗೆ ಇಡಲಿಲ್ಲ.

"ಅವನಿಗೆ ಆಣೆ ಕೊಟ್ಟಿದ್ದು ನೀವು, ನಾನಲ್ಲ," ಅಂದೆ ಕೊನೆಗೆ. "ಬನ್ನಿ ಒಳಗೆ. ನಾನು ತೆರೀತೀನಿ. ನೀವು ಮುಟ್ಟಬೇಡಿ. ಅವನು ಎದ್ದು ಕೇಳಿದ್ರೆ ನನ್ನ ಹೆಸರು ಹೇಳಿ."

"ನಿನ್ನ ಜೊತೆ ಮಾತು ಬಿಡ್ತಾರೆ. ಈ ಸಲ ಬಿಟ್ರೆ ಸುಲಭಕ್ಕೆ ಮತ್ತೆ ಮಾತಾಡೋರಲ್ಲ."

"ಮಾತಾಡದಿದ್ರೆ ಪರವಾಗಿಲ್ಲ. ಉಸಿರಾಡಲಿ."

ಇಷ್ಟು ಹೇಳಿದ ಮೇಲೂ ನನಗೇ ಖಾತ್ರಿ ಇರಲಿಲ್ಲ. ಡಾಕ್ಟರು ಮಾತು ಕೊಟ್ಟಿರಲಿಲ್ಲ. ತೆರೆದ ಮೇಲೆ ಅಣ್ಣನ ಸ್ಥಿತಿ ಇನ್ನೂ ಕೆಟ್ಟರೆ ಅತ್ತಿಗೆ ಆಗ ನನ್ನ ಕೈಯನ್ನು ನೋಡುತ್ತಾರೆ, ನಾನೂ ನೋಡಿಕೊಳ್ಳುತ್ತೇನೆ. ಆದರೂ ಎದ್ದೆ. ಬೆಂಚು ವಾಲಿತು, ಅತ್ತಿಗೆಯೂ ಎದ್ದರು.

ಸಿಸ್ಟರ್ ಬಾಗಿಲಲ್ಲಿ ತಡೆದರು. "ಒಬ್ಬರೇ ಅಂತ ಎಷ್ಟು ಸಲ ಹೇಳೋದು?"

"ಸಿಸ್ಟರ್, ಚಕ್ರ ಮುಚ್ಚಿಕೊಂಡಿದೆ," ಅಂದೆ. "ಕೊಳವೆ ಜರುಗಿಲ್ಲ. ಗಾಜಿನಿಂದ ನೋಡಿದೆ. ನೀವು ಮರೆತಿದ್ದೂ ಅಲ್ಲ. ನಮ್ಮ ಕಡೆಯಿಂದಲೇ ಮುಚ್ಚಿದ್ದು. ಡಾಕ್ಟರಿಗೆ ಹೇಳಿಬಿಡಿ, ನಾಳೆ ಕೆಳಗೆ ಕರ್ಕೊಂಡು ಹೋಗೋದು ಬೇಡ."

ಸಿಸ್ಟರ್ ನನ್ನನ್ನು ನೋಡಿದರು, ಅತ್ತಿಗೆಯನ್ನು ನೋಡಿದರು. ಅತ್ತಿಗೆಯ ಬಲಗೈ ಸೆರಗಿನೊಳಗಿತ್ತು. ಬೈಗುಳಕ್ಕೆ ನಾನು ಸಿದ್ಧಳಾಗಿದ್ದೆ.

"ಕಾಲು ಒತ್ತೋವಾಗ ಕೈ ತಾಗಿರುತ್ತೆ," ಅಂದರು ಸಿಸ್ಟರ್, ಬಹಳ ನಿಧಾನವಾಗಿ. "ಜಾಗ ಇಕ್ಕಟ್ಟು. ಬನ್ನಿ, ಇಬ್ಬರೂ ಬನ್ನಿ. ಬೇಗ."

ಚಕ್ರವನ್ನು ತೆರೆಯಲು ಅವರೇ ಕೈ ಚಾಚಿದರು. ನಾನು, "ನಾನು ತೆರೆಯಬಹುದಾ?" ಅಂದೆ. ಯಾಕೆ ಅಂತ ಅವರು ಕೇಳಲಿಲ್ಲ. ಎಷ್ಟು ಉರುಳಿಸಬೇಕು ಅಂತ ತೋರಿಸಿದರು. ಹೆಬ್ಬೆರಳಿಟ್ಟು ಉರುಳಿಸಿದೆ. ಮೊದಲ ಹನಿ ಉಬ್ಬಿತು, ನೇತಾಡಿತು, ಬಿತ್ತು. ಅತ್ತಿಗೆ ಅದನ್ನಲ್ಲ, ಅಣ್ಣನ ಮುಖವನ್ನು ನೋಡುತ್ತಿದ್ದರು. ಹುಬ್ಬು ಗಂಟಿಕ್ಕುತ್ತಾನೋ ಅಂತ. ಗಂಟಿಕ್ಕಲಿಲ್ಲ. ಸಿಸ್ಟರ್ ನಿದ್ದೆಯ ಔಷಧದ ಜೊತೆ ನೋವಿನ ಔಷಧವೂ ಹೋಗುತ್ತಿದೆ ಅಂತ ಯಾರೂ ಕೇಳದೆಯೇ ಹೇಳಿದರು. ಆಮೇಲೆ ಕಂಬಿಯನ್ನು ಉರುಳಿಸಿಕೊಂಡು ಹೋಗಿ ಹಾಸಿಗೆಯ ಆ ಕಡೆ, ಗೋಡೆಯ ಪಕ್ಕ ನಿಲ್ಲಿಸಿದರು. ಅಲ್ಲಿಗೆ ಯಾರ ಕೈಯೂ ತಾಗುವಂತಿರಲಿಲ್ಲ.

ಡಾಕ್ಟರು ಸಿಕ್ಕಾಗ ನಾನು ಬೇರೆ ಯಾರದೋ ವಿಷಯ ಅನ್ನುವ ಹಾಗೆ ಕೇಳಿದೆ: ಇಂಥ ರೋಗದಲ್ಲಿ ಶುರುವಿಗೇ ಯಾರಾದರೂ ಒಂದು ಬಿಸ್ಕತ್ತು ತಿನ್ನಿಸಿದರೆ ಅದರಿಂದಲೇ ಹೀಗಾಗುತ್ತದೆಯೇ? ಅವರಿಗೆ ಅರ್ಥವಾಯಿತು. ಬೆಂಚಿನ ಹತ್ತಿರ ಬಂದು, ಅತ್ತಿಗೆಯ ಎದುರು ಮಂಡಿಯೂರಿ ಕೂತು ಹೇಳಿದರು: "ಒಂದು ಬಿಸ್ಕತ್ತು ನೋವು ಕೆರಳಿಸಬಹುದು, ಅಮ್ಮ. ಇಷ್ಟನ್ನೆಲ್ಲ ಮಾಡೋಕೆ ಅದರ ಕೈಲಿ ಆಗಲ್ಲ. ಇದು ಆ ಕಲ್ಲಿನ ಕೆಲಸ." ಅತ್ತಿಗೆ ತಲೆಯಾಡಿಸಿದರು. ನಂಬಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಇವತ್ತಿಗೂ ಅವರು ಚಹಾಕ್ಕೆ ಬಿಸ್ಕತ್ತು ಅದ್ದುವುದಿಲ್ಲ.

ಮರುದಿನ ಏನೂ ಬದಲಾಗಲಿಲ್ಲ. ಅದರ ಮರುದಿನವೂ ಇಲ್ಲ. ಚೀಲ ಮಾತ್ರ ಲೆಕ್ಕದ ಹಾಗೆ ಖಾಲಿಯಾಗುತ್ತಿತ್ತು. ನಾನು ಕೆಲಸಕ್ಕೆ ಹೋಗಿ ತೊಟ್ಟಿಗಳ ಅಂಚಿನಲ್ಲಿ ನಡೆಯುವಾಗ ನನ್ನ ಕೆನೆಯ ಕಥೆಯ ಮೇಲೇ ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ಒಂದು ಬೆಳಿಗ್ಗೆ ಡಾಕ್ಟರು ಆಮ್ಲಜನಕ ಸ್ವಲ್ಪ ಇಳಿಸಿದ್ದೇವೆ ಅಂದರು. ಮತ್ತೆ ಏರಿಸಿದರು. ಮತ್ತೆ ಇಳಿಸಿದರು. "ಆಹಾರದಿಂದಲೇನಾ?" ಅಂತ ಕೇಳಿದೆ. "ಇರಬಹುದು. ಅದೊಂದರಿಂದಲೇ ಅಂತ ಹೇಳಲಾರೆ," ಅಂದರು. ಸುಳ್ಳು ಸಮಾಧಾನ ಹೇಳದ ಅವರ ಮೇಲೆ ನನಗೆ ಗೌರವ ಹೆಚ್ಚಿತು. ಇಳಿಸಿ ಏರಿಸಿ, ಅಂತೂ ಯಂತ್ರ ಬಿಡಿಸುವ ದಿನ ಬಂತು.

ವಾರ್ಡಿಗೆ ತಂದಾಗ ಅಣ್ಣ ಅರ್ಧ ಆಗಿದ್ದ. ಕೆನ್ನೆ ಒಳಗೆ ಹೋಗಿತ್ತು. ಉಸಿರಿನ ವ್ಯಾಯಾಮಕ್ಕೆ ಮೂರು ಚೆಂಡುಗಳ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ದರು. ಕೊಳವೆ ಬಾಯಲ್ಲಿಟ್ಟು ಉಸಿರೆಳೆದರೆ ಚೆಂಡು ಮೇಲೇಳಬೇಕು. ಪೀಪಿ ಮಾಸ್ತರು ಕಣ್ಣು ಬಿಟ್ಟುಕೊಂಡು ಎಳೆದ. ಒಂದು ಚೆಂಡು ಅರ್ಧ ಎದ್ದು, ನಡುಗಿ, ಟಪ್ ಅಂತ ಕೂತಿತು. ಉಳಿದೆರಡು ಅಲುಗಲಿಲ್ಲ. ಅವನು ಡಬ್ಬಿಯನ್ನು ಶಾಲೆಯ ಅತಿ ಸೋಮಾರಿ ಹುಡುಗನನ್ನು ನೋಡುವ ಹಾಗೆ ನೋಡಿದ.

ನಾನು ಕಾಲಿನ ಕಡೆ ನಿಂತಿದ್ದೆ. ಅವನ ಧ್ವನಿ ಇನ್ನೂ ಕೆರೆದ ಹಾಗಿತ್ತು. ಮೂಗಿನ ಕೊಳವೆ ಮುಟ್ಟಿ ನೋಡಿಕೊಂಡು ಅತ್ತಿಗೆಯನ್ನು ಕೇಳಿದ.

"ಇದು ಏನು?"

"ಆಹಾರದ್ದು. ಕರುಳಿಗೆ."

"ಯಾವಾಗಿಂದ?"

"ಅವಾಗಿಂದ."

"ನಾನು ಏನು ಹೇಳಿದ್ದೆ ನಿನಗೆ?"

ಅತ್ತಿಗೆ ನನ್ನ ಕಡೆ ನೋಡಿದರು. ನಾನು ತಲೆ ಅಲ್ಲಾಡಿಸಿದೆ, ಹೇಳಿ ಅಂತ.

"ನಿಮ್ಮ ತಂಗಿ," ಅಂದರು. "ಅವಳೇ ಡಾಕ್ಟರ ಹತ್ರ ಹೇಳಿದ್ದು. ಅವಳೇ ಕೈಯಾರೆ ಬಿಟ್ಟಿದ್ದು." ಇನ್ನೂ ಏನೋ ಹೇಳಲು ಬಾಯಿ ತೆರೆದರು. "ನಾನು ಮಾತ್ರ..."

ನಾನು ಹಿಂದಿನಿಂದ ಅವರ ಸೆರಗು ಜಗ್ಗಿದೆ. ಅವರು ನಿಲ್ಲಿಸಿದರು.

ಅಣ್ಣ ನನ್ನನ್ನು ಒಂದು ಸಲ ನೋಡಿದ. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಅಷ್ಟು ತಿರುಗಲು ಅವನಿಗೆ ಬಹಳ ಕಷ್ಟವಾಯಿತು, ಮಧ್ಯದಲ್ಲಿ ನಿಂತು ಉಸಿರು ತೆಗೆದುಕೊಂಡ, ಆದರೂ ತಿರುಗಿದ.

ಅವತ್ತು ಮಾತಾಡಲಿಲ್ಲ. ಮರುದಿನ ಹಣ್ಣು ತಂದೆ, ಮಾತಾಡಲಿಲ್ಲ. ಅವನ ಶಾಲೆಯ ಮಕ್ಕಳು ಬರೆದ ಚಿತ್ರ ತಂದೆ, ಅದನ್ನು ತೆಗೆದುಕೊಂಡ, ಮಾತಾಡಲಿಲ್ಲ. ಹೋಗಿ ಬಂದು ಮಾಡಿ ನನ್ನ ಕಾಲು ಬಿದ್ದುಹೋಗಿತ್ತು. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು ಅವನ ಬೆನ್ನು ನೋಡುತ್ತಿದ್ದೆ. ಹೊದಿಕೆ ಏರುತ್ತಿತ್ತು, ಇಳಿಯುತ್ತಿತ್ತು. ಒಮ್ಮೆ ದೊಡ್ಡದು, ಒಮ್ಮೆ ಚಿಕ್ಕದು, ಒಮ್ಮೆ ಕೆಮ್ಮು ಬಂದು ತಡವರಿಸಿ. ಒಂದೂ ಇನ್ನೊಂದರ ಹಾಗಿರಲಿಲ್ಲ.

ಕೆಲಸದಿಂದ ನೇರ ಬಂದ ಒಂದು ಸಂಜೆ ಅಲ್ಲೇ ಗೋಡೆಗೊರಗಿ ಕಣ್ಣು ಮುಚ್ಚಿದ್ದೆ. ಅಣ್ಣನ ಧ್ವನಿ ಕೇಳಿತು. ನನಗಲ್ಲ, ಗೋಡೆ ಕಡೆಗೆ.

"ಇಲ್ಲಿ ಯಾರೋ ಕೂತಿದ್ದಾರಲ್ಲ. ಅವರದು ಊಟ ಆಗಿದೆಯಾ ಅಂತ ಯಾರಾದ್ರೂ ಕೇಳಬಹುದು."

ಅತ್ತಿಗೆ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ಒಂದು ತುಂಟತನ ಸುಳಿಯಿತು. "ಗೋಡೆ ಕೇಳ್ತಿದೆ."

"ಆಗಿಲ್ಲ ಅಂತ ಹೇಳಿ," ಅಂದೆ.

"ಆಗಿಲ್ಲವಂತೆ," ಅಂದರು ಅತ್ತಿಗೆ, ಗೋಡೆಗೆ.

ಅಣ್ಣ ಉಸಿರು ತೆಗೆದುಕೊಂಡ. ಮಾತಿಗೆ ಮುಂಚೆ ಅವನಿಗೆ ಈಗ ಅಷ್ಟು ಹೊತ್ತು ಬೇಕಾಗುತ್ತಿತ್ತು.

"ಹೋಗಿ ತಿನ್ನೋಕೆ ಹೇಳು. ಕರುಳನ್ನ ಖಾಲಿ ಬಿಡಬಾರದಂತೆ. ಇಲ್ಲಿಯ ಡಾಕ್ಟರು ಹೇಳ್ತಾರೆ."

ಮೆಟ್ಟಿಲಿಳಿದು ಕ್ಯಾಂಟೀನಿಗೆ ಹೋದೆ. ಮುಚ್ಚುವ ಹೊತ್ತಾಗಿತ್ತು, ಉಳಿದಿದ್ದು ಬ್ರೆಡ್ ಮತ್ತು ಆರಿದ ಹಾಲು ಮಾತ್ರ. ನಿಂತುಕೊಂಡೇ ತಿಂದೆ.